ಕಸ

ಬಾಯ್ನಾದ ಫಕೀರವ್ವನ ಹೊಟ್ಟೆಯ ಮೇಲೆ
ಮೂರನೆಯ ಸಲ ಟೇಪು ಹಿಡಿದೆ.
ಮೂವತ್ನಾಲ್ಕು ವಾರ. ಟೇಪು ಇಪ್ಪತ್ತೊಂಬತ್ತಕ್ಕೇ ನಿಂತಿತು.
ಎಳೆದು ಅಳೆದರೆ ಬೆಳೆದೀತೆ ಕೂಸು?

ಡಾಕ್ಟರ್ ಕುಟಿನ್ಹೊ ಪರದೆ ನೋಡುತ್ತಲೇ
ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ನನ್ನತ್ತ ತಿರುಗಿದರು:
‘ಅವಳ ಭಾಷೆಯಲ್ಲಿ ಹೇಳು, ಸಿಸ್ಟರ್.’
ಆಕ್ಸಿಡೇಟಿವ್ ಸ್ಟ್ರೆಸ್.
ಹಳಿಯಾಳದ ಶಾಲೆಯಲ್ಲಿ ಉತ್ಕರ್ಷಣ ಎಂದು ಬರೆದು
ಎರಡು ಅಂಕ ಗಳಿಸಿದ್ದೆ.
ಚಪ್ಪಲಿ ಕಳಚಿ ಈ ಕೋಣೆಯೊಳಗೆ ಬರುವ ಪದವಲ್ಲ ಅದು.

ಹೇಳಿದೆ: ಉಸಿರೇ ಒಮ್ಮೊಮ್ಮೆ ಸುಡುತ್ತದವ್ವಾ.
ಕೂಸಿಗೆ ಉಣಿಸುವ ತಟ್ಟೆಗೆ ಒಳಗೊಳಗೇ
ತುಕ್ಕು ಹಿಡಿದ ಹಾಗೆ.
ರಕ್ತ ಹೋಗುತ್ತದೆ, ಸಾಲುವಷ್ಟಲ್ಲ.

ತುಕ್ಕು ಅಂದದ್ದೇ ತಪ್ಪಾಯಿತು.
ಎದ್ದು ಕೂತಳು.
ಅವಳ ಗಂಡ ಝುವಾರಿ ದಂಡೆಯಲ್ಲಿ
ಬಾರ್ಜುಗಳ ತುಕ್ಕು ಕೆರೆಯುವವನು.
ಅಂಗಿ ಒಗೆದ ನೀರೆಲ್ಲ ಕೆಂಪು,
ಹೊರಗೆ ಹರವಿದರೆ ಬಂದರಿನ ಕಲ್ಲಿದ್ದಲು ಕೂತು ಕಪ್ಪು.

‘ಅವ್ರು ಕೆರದ ಮ್ಯಾಲೆ ಬಣ್ಣ ಬಳೀತಾರ್ರಿ.
ನನಗ ಒಳಗ ಏನ್ ಬಳೀತೀರಿ?
ದಿನಾ ಕಬ್ಬಿಣದ ಗುಳಗಿ ನುಂಗಸ್ತೀರಲ್ಲ,
ತುಕ್ಕು ಹಿಡಿಯೂದು ಕಬ್ಬಿಣಕ್ಕ ಅಲ್ಲೇನ್ರಿ?’

ಏನಂತೆ, ಅಂದರು ಡಾಕ್ಟರು.
ಹೂಂ ಅಂತೆ, ಅಂದೆ.

‘ನಿನ್ನ ತಪ್ಪಲ್ಲ’ ಎಂಬುದನ್ನು
ಅನುವಾದಿಸಲು ಯಾರೂ ಕೊಟ್ಟಿರಲಿಲ್ಲ.
ನಾನೇ ಸೇರಿಸಿದೆ.
ಕೇಳಿಸಿತೋ ಇಲ್ಲವೋ,
ಎಡಮಗ್ಗುಲಿಗೆ ಹೊರಳಿ ಒದೆತ ಎಣಿಸುತ್ತಿದ್ದಳು,
ನಾಕು… ಐದು…
ಆರಕ್ಕೆ ತುಂಬ ಹೊತ್ತು ಕಾದೆವು, ಇಬ್ಬರೂ.

ಮೂವತ್ತೇಳನೆಯ ವಾರ ನೋವು ಬರಿಸಿದರು.
ಹೆಣ್ಣು. ಒಂದು ಕಿಲೋ ಒಂಬೈನೂರ ನಲವತ್ತು.
ಮುದುಕಿಯ ಮುಖ, ಅಳತೆಗೆ ಮೀರಿದ ಅಂಗಿಯಂಥ ತೊಗಲು,
ದನಿ ಮಾತ್ರ ಹಡಗಿನ ಭೋಂಗಾ.

ಆಮೇಲೆ ಕಸ ಬಿತ್ತು.
ನಮ್ಮ ಕಡೆ ಹಾಗೇ ಅನ್ನುವುದು,
ಅಷ್ಟು ತಿಂಗಳು ಉಣಿಸಿದ್ದಕ್ಕೆ ಈ ಹೆಸರು.
ಟ್ರೇಯಲ್ಲಿ ಹರವಿ ನೋಡಿದೆ: ಸಣ್ಣದು,
ಅಂಚಿಗೆ ಬಿಳಿಯ ಗಟ್ಟಿ ತೇಪೆಗಳು,
ಬೆರಳಿಗೆ ಮರಳಿನಂತೆ ಸುಣ್ಣ.
ನಡುವೆ ಅಂಗೈಯಗಲ ಇನ್ನೂ ಕೆಂಪಗಿತ್ತು.
ಅಷ್ಟರಲ್ಲೇ ಸಂಸಾರ ತೂಗಿಸಿದೆ.

‘ಹುಗಿಯಾಕ ಕೊಡ್ರಿ’ ಅಂದಳು.
ಹಳದಿ ಚೀಲದ ನಿಯಮ ಹೇಳಿದೆ.
‘ಹಂಗಾದ್ರ ಒಮ್ಮೆ ತೋರಸ್ರಿ.’

ಕೂಸನ್ನು ಎದೆಗೊತ್ತಿಕೊಂಡೇ ಬಗ್ಗಿ ನೋಡಿದಳು.
‘ಭಾಳ ದಣದೈತಿ ಇದು’ ಅಂದಳು.