ಬೀಳದ ದಿನ

ಬಿದ್ದ ದಿನಕ್ಕೆ ತಾರೀಖಿದೆ.
ನವೆಂಬರ್ ಒಂಬತ್ತು, ಬೆಳಗಿನ ಆರೂಕಾಲು, ಅಡುಗೆಮನೆ.
ಮೇಲಿನ ಹಲಗೆಯ ಹುಳಿ ಎಲೆಕೋಸಿನ ಜಾಡಿಗೆ
ತುದಿಗಾಲಲ್ಲಿ ನಿಂತು ಕೈಚಾಚಿದ್ದೆ.
ಜಾಡಿ ಉಳಿಯಿತು.
ನಾನು ಉರುಳಿದೆ.

ಸಾಕ್ಷಿಗಳೂ ಇದ್ದವು:
ಮಣಿಕಟ್ಟಿನ ಎಕ್ಸ್‌ರೇ,
ಸೊಂಟದ ಮೇಲೆ ಬದನೆಕಾಯಿ ಬಣ್ಣದ ಕಲೆ,
ಸೇಬಿನ ಬುಟ್ಟಿ ಹಿಡಿದು ಬಂದ ನಾದಿನಿ,
'ಈ ವಯಸ್ಸಿನಲ್ಲಿ' ಎಂದು ಶುರುವಾಗಿ
ಎಲ್ಲೂ ಮುಗಿಯದ ಅವಳ ವಾಕ್ಯ.

ಆಮೇಲೆ ನೆಲವೇ ಬೇರೆಯಾಯಿತು.
ಹಾರ್ಬಿನ್ನಿನ ಹಿಮಕ್ಕೆ ಹೆದರದವಳು
ಬಚ್ಚಲಿನ ಹೊಸಿಲಿಗೆ ಹೆದರಿದೆ.
ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವಳು,
ಬ್ರೇಕಿಗೂ ತಿರುವಿಗೂ ಕಂಬಿ ಹಿಡಿಯದೆ
ಚಿಲ್ಲರೆ ಎಣಿಸಿ ಕೊಟ್ಟವಳು,
ಈಗ ಗೋಡೆ ಸವರಿಕೊಂಡು ನಡೆದೆ.
ಹೆದರಿಕೆ ಊರುಗೋಲಲ್ಲ,
ಊರಿದಷ್ಟೂ ಕುಸಿಯುತ್ತದೆ.

ಬಾಯ್ಲರ್ ಕೋಣೆಯ ಪಕ್ಕ, ವಠಾರದ ಸಭಾಂಗಣ.
ಮಂಗಳವಾರ, ಶುಕ್ರವಾರ, ಕ್ಯು ಶುಝೆನ್ ಟೀಚರ ಪಾಠ.
ಹಿಂದೆ ಪಿಂಗಾಣಿ ಕಾರ್ಖಾನೆಯಲ್ಲಿ
ಬಟ್ಟಲುಗಳಿಗೆ ಹುಲ್ಲು ಸುತ್ತುತ್ತಿದ್ದರಂತೆ.
'ಪಾದವನ್ನೂ ಹಾಗೇ ಇಡಿ,' ಅನ್ನುತ್ತಾರೆ,
'ಒಡೆಯುವ ಸಾಮಾನು.'

ಮೊದಲು ಹಿಮ್ಮಡಿ. ಆಮೇಲೆ ಅಂಗಾಲು. ಕೊನೆಗೆ ಬೆರಳು.
ಒಂದು ಕಾಲು ತುಂಬಿದ ಕೊಡ, ಇನ್ನೊಂದು ಬರಿದು.
ತುಂಬಿದ್ದನ್ನು ಬರಿದಿಗೆ ಬಗ್ಗಿಸಿ,
ಒಂದು ಹನಿಯೂ ತುಳುಕದ ಹಾಗೆ.
ಮಂಡಿಗೆ ಬೀಗ ಹಾಕಬೇಡಿ.
ನಿಧಾನ.
ಇಲ್ಲ, ಇನ್ನೂ ನಿಧಾನ.

ಕೈ ಮೋಡವಾಗಬೇಕಂತೆ. ನನ್ನದು ಒದ್ದೆ ಟವೆಲ್ಲಾಯಿತು.
ಕುದುರೆಯ ಜೂಲು ಬಿಡಿಸಬೇಕಂತೆ;
ನನ್ನ ಕುದುರೆ ಮೂರು ವಾರ ನನ್ನನ್ನು ಹತ್ತಿರ ಸೇರಿಸಲಿಲ್ಲ.
ಮುಂದಿನ ಸಾಲಿನಲ್ಲಿ ಲೇತ್ ಯಂತ್ರದ ಮುದುಕ ಲುವಾನ್ ದೆಶೆಂಗ್,
ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಿನ ಕೋಳಿ.
'ನಾನು ಬಿದ್ದವನೇ ಅಲ್ಲ,' ಅಂತಿದ್ದ,
'ಮೊನ್ನೆ ಹೊಳೆದಂಡೆಯಲ್ಲಿ ಸುಮ್ಮನೆ ಕೂತೆ, ಅಷ್ಟೆ.'
ಮೀಸೆ ಮಣ್ಣಾಗಿಲ್ಲ,
ಬರೀ ಮಂಜಾಗಿದೆ ಎಂದು ನಾವು ನಕ್ಕೆವು.

ಜನವರಿಯ ಒಂದು ಶುಕ್ರವಾರ ಅವನು ಬರಲಿಲ್ಲ.
ಸೊಂಟದ ಮೂಳೆ. ರಾತ್ರಿ, ದೀಪ ಹಾಕದೆ ಎದ್ದನಂತೆ.
ಟೀಚರು ಏನೂ ಹೇಳಲಿಲ್ಲ.
ಕುರ್ಚಿಯನ್ನು ಅದರ ಜಾಗದಲ್ಲೇ ಬಿಟ್ಟರು.
ನಾವು ಹದಿಮೂರು ಜನ ಅದನ್ನು ಬಳಸಿಕೊಂಡು
ಮೆಲ್ಲಗೆ ತಿರುಗಿದೆವು,
ಕಲ್ಲಿನ ಸುತ್ತ ಹರಿಯುವ ಹಾಗೆ.
ಅವತ್ತು ಯಾರೂ ತಪ್ಪು ಮಾಡಲಿಲ್ಲ.

ಫೆಬ್ರವರಿ. ಪಾಠ ಮುಗಿಸಿ ಬೇಕರಿಗೆ ಹೋಗಿದ್ದೆ.
ಯಾರೋ ಚೆಲ್ಲಿದ ಬಕೆಟ್ ನೀರು ಗಾಜಾಗಿ ಮಲಗಿತ್ತು,
ಮೇಲೆ ಒಂದು ಬೆರಳು ಹೊಸ ಹಿಮ ಹೊದ್ದು.
ಎಡಗಾಲು ನನ್ನನ್ನು ಕೇಳದೆ ಹೊರಟಿತು.
ನಾನು ಏನೂ ಮಾಡಲಿಲ್ಲ, ನಿಜವಾಗಿ.
ಮಂಡಿ ತಾನಾಗಿ ಮೆತ್ತಗಾಯಿತು,
ಬಲಗಾಲು ತುಂಬಿತು, ಬರಿಗೈ ಮೇಲೆದ್ದು
ಗಾಳಿಯಲ್ಲಿ ಏನನ್ನೋ ಪಕ್ಕಕ್ಕೆ ಸರಿಸಿತು,
ಜೂಲು ಇರಬಹುದು.
ಒಂದು ಕೆಮ್ಮಿನಷ್ಟು ಹೊತ್ತು.
ಮತ್ತೆ ನಿಂತಿದ್ದೆ, ದುಂಡು ರೊಟ್ಟಿ ಕಂಕುಳಲ್ಲೇ.

ಯಾರೂ ನೋಡಲಿಲ್ಲ.
ಸಲಿಕೆಯವನಿಗೆ ಬೆನ್ನಿತ್ತು.
ಕೆಂಪು ಬೂಟಿನ ನಾಯಿಮರಿಯೊಂದು
ಒಮ್ಮೆ ನಿಂತು, ಮುಂದೆ ಹೋಯಿತು.

ಯಾರಿಗೆ ಹೇಳಲಿ?
ಮುರಿಯದ ಮೂಳೆಗೆ ಎಕ್ಸ್‌ರೇ ಇಲ್ಲ.
ಬೀಳದವಳನ್ನು ನೋಡಲು ಯಾರೂ ಸೇಬು ತರುವುದಿಲ್ಲ.
ಎಪ್ಪತ್ತನಾಲ್ಕು ವರ್ಷ ಹೀಗೆ
ಎಷ್ಟು ಸಲ ಬೀಳಲಿಲ್ಲವೋ,
ಒಂದನ್ನೂ ಬರೆದಿಟ್ಟಿಲ್ಲ.

ಸಂಜೆ ಲುವಾನನ ವಾರ್ಡಿಗೆ ಹೋಗಿ
ಅವನಿಗೊಬ್ಬನಿಗೇ ಹೇಳಿದೆ.
ಹೊದಿಕೆಯೊಳಗೆ ಅವನ ಒಳ್ಳೆಯ ಕಾಲು
ಸ್ವಲ್ಪ ತುಂಬಿತು, ಸ್ವಲ್ಪ ಬರಿದಾಯಿತು.

ಮನೆಗೆ ಬಂದಾಗ ಮಗಳು ಕೇಳಿದಳು:
'ಏನು ವಿಶೇಷ?'
'ಏನಿಲ್ಲ,' ಅಂದೆ,
'ರೊಟ್ಟಿ ಬಿಸಿಯಿತ್ತು.'