ಸಾರಜನಕ

ಬುಂಗೋಮದ ಆ ತಗಡು ಮಾಡಿನ ಶಾಲೆಯಲ್ಲಿ
ಏಳನೇ ತರಗತಿಗೆ ನಾವು ಐವತ್ತೊಂಬತ್ತು ಜನ,
ಪುಸ್ತಕ ಹನ್ನೊಂದು.
ಒಂದು ಬೆಳಿಗ್ಗೆ ಖಿಸಾ ಮೇಷ್ಟ್ರು
ಬೆಂಚುಗಳನ್ನೆಲ್ಲ ಅಂಗಳಕ್ಕೆ ಹಾಕಿಸಿ
‘ಇವತ್ತು ಓದುವುದು ಬೇಡ, ನೀವೇ ಗಾಳಿ’ ಅಂದರು.

ತಲೆ ಎಣಿಸಿ ಪಾತ್ರ ಹಂಚಿದರು.
ಹನ್ನೆರಡು ಮಂದಿ ಆಮ್ಲಜನಕ, ಅವರಿಗೆ ಕೆಂಪು ರಿಬ್ಬನ್ನು.
ಇಂಗಾಲದ ಡೈಆಕ್ಸೈಡ್ ನಾನಾಗ್ತೀನಿ ಎಂದು ಬರಾಸಾ ಕುಣಿದರೆ
ಇಂಥ ನಲವತ್ತು ತರಗತಿ ಸೇರಿಸಿದರೆ
ಎಲ್ಲೋ ಒಬ್ಬನಿಗೆ ಆ ಪಾತ್ರ, ನಿಲ್ಲು ಸುಮ್ಮನೆ ಅಂದರು.
ನಲವತ್ತಾರು ಜನ ಸಾರಜನಕ.
ರಿಬ್ಬನ್ನಿಲ್ಲ.

ಉಳಿದವಳು ಒಬ್ಬಳು, ಆರ್ಗಾನ್.
ಯಾರ ಕೈಯನ್ನೂ ಹಿಡಿಯದ ಅನಿಲ.
ಆ ವಾರವಷ್ಟೇ ಸೇರಿದ್ದ ನಂಜಾಲಳಿಗೆ
ನಟಿಸುವುದೇ ಬೇಕಾಗಲಿಲ್ಲ,
ಕಿಟಕಿಯ ಪಕ್ಕ ನಿಂತಳು,
ಬಂದ ದಿನದಿಂದ ನಿಂತಿದ್ದ ಹಾಗೆ.

ಸಾರಜನಕಕ್ಕೆ ಜೋಡಿ, ಜೋಡಿಗೆ ಮೂರು ಹಿಡಿತ.
ಎಡಗೈ, ಬಲಗೈ,
ಮೂರನೆಯದಕ್ಕೆ ಹಣೆಗೆ ಹಣೆ.
ನನಗೆ ಗಂಟುಬಿದ್ದವನು ಖಯೆಂಬ:
ನಾನು ಪ್ಲಾಸ್ಟಿಕ್ ಚೀಲ ಸುತ್ತಿ ಸುತ್ತಿ ಕಟ್ಟಿದ ಚೆಂಡನ್ನು
ಕಕ್ಕಸಿನ ಗುಂಡಿಗೆ ಎಸೆದವನು.
ಅವನ ಬೆವರು ನನ್ನ ಕಣ್ಣಿಗಿಳಿಯಿತು.
ಅವನ ಉಸಿರಿಗೆ ಸುಟ್ಟ ಜೋಳದ ವಾಸನೆ.

ಬಾಗಿಲೇ ಮೂಗು, ಕೋಣೆಯೇ ಶ್ವಾಸಕೋಶ.
ಆರನೇ ತರಗತಿಯಿಂದ ಎರವಲು ತಂದ ರಕ್ತ
ರಿಬ್ಬನ್ನಿನವರ ಕೈಹಿಡಿದು ಓಡಿತು.
ನಮ್ಮನ್ನು ಯಾರೂ ಮುಟ್ಟಲಿಲ್ಲ.
ಒಳಗೆ ಹೋದೆವು, ಹೊರಗೆ ಬಂದೆವು,
ಮತ್ತೆ ಒಳಗೆ, ಮತ್ತೆ ಹೊರಗೆ,
ಕರೆಯದ ಮದುವೆಗೆ ಹೋದ ನೆಂಟರ ಹಾಗೆ.
‘ಮ್ವಾಲಿಮು, ನಾವು ಯಾಕಿದ್ದೀವಿ?’
ಕೇಳಿದವನು ಖಯೆಂಬ,
ಹಣೆ ಎತ್ತದೆ, ನನ್ನ ಮೂಗಿನ ಮೇಲೆಯೇ.
ಮೇಷ್ಟ್ರು ಕೈಗಡಿಯಾರ ನೋಡಿದರು. ನಾಳೆ ಅಂದರು.

ನಾಳೆ, ಶಾಲೆಯ ತೋಟದಲ್ಲಿ,
ಹುರುಳಿಕಾಯಿ ಗಿಡವೊಂದನ್ನು ಕಿತ್ತು ಮಣ್ಣು ಕೊಡವಿದರು.
ಬೇರಿನ ತುಂಬ ಮಣಿಮಣಿ ಗಂಟು,
ಉಗುರಲ್ಲಿ ಚಿವುಟಿದರೆ ಒಳಗೆ ನಸುಗೆಂಪು.
ಇದರಲ್ಲೊಂದು ಜೀವಿ ಇದೆ, ಕಣ್ಣಿಗೆ ಕಾಣದ್ದು,
ಅದಾಗುವವರು ಯಾರು?
ನಂಜಾಲ ಕೈ ಎತ್ತಿದಳು.
ಹಸಿವಿನ ತಿಂಗಳಲ್ಲಿ ಹುಟ್ಟಿದ ಹೆಣ್ಣಿಗೆ
ನಮ್ಮ ಕಡೆ ಇಡುವ ಹೆಸರು ಅದು.

ಒಂದು ಜೋಡಿ ಬಿಡಿಸಲು ಹದಿನಾರು ಸಲ ತಳ್ಳಬೇಕು,
ಮೇಷ್ಟ್ರು ಗಟ್ಟಿಯಾಗಿ ಎಣಿಸಿದರು.
ಏಳಕ್ಕೆ ಅವಳ ಚಪ್ಪಲಿ ಕಿತ್ತುಹೋಯಿತು.
ನಾವು ಬಿಡಲಿಲ್ಲ,
ಯಾಕೋ ಬಿಡಲು ಮನಸ್ಸಾಗಲಿಲ್ಲ.
ಹದಿನೈದಕ್ಕೆ ಖಯೆಂಬ ನಕ್ಕುಬಿಟ್ಟ,
ಹದಿನಾರಕ್ಕೆ ಹಣೆ ಜಾರಿತು, ಕೈ ಜಾರಿತು,
ಬಿಸಿಲಲ್ಲಿ ಬರಿಗೈಯಲ್ಲಿ ನಿಂತೆ.
ಒಂದನೇ ತರಗತಿಯ ಮೂರು ಕೂಸುಗಳು,
ಜಲಜನಕಗಳು,
ಓಡಿಬಂದು ನನ್ನ ಚಡ್ಡಿ ಹಿಡಿದವು.

ವರ್ಷದ ಕೊನೆಯ ಪರೀಕ್ಷೆಯಲ್ಲಿ
ಸಾರಜನಕ ಬೇರೆಯದರೊಡನೆ ಸುಲಭಕ್ಕೆ ಬೆರೆಯದೇಕೆ ಎಂದಿತ್ತು.
ಹಣೆ ಬಿಡಿಸುವುದು ಕಷ್ಟ ಎಂದು ಬರೆದೆ.
ಗುರುತಿಲ್ಲದ ಯಾರೋ ಅರ್ಧ ಅಂಕ ಕೊಟ್ಟಿದ್ದರು.

ಆದರೆ ಆ ರಾತ್ರಿ,
ಮಾಸಾಬ ಬೆಟ್ಟದ ಮೇಲೆ ಮಿಂಚು ಹೊಡೆದು
ಅಲ್ಲೆಲ್ಲೋ ಇನ್ನೊಂದು ಜೋಡಿ ಬಿಡುತ್ತಿರುವಾಗ,
ಅಮ್ಮ ಬೇಯಿಸಿದ ಕಾಳನ್ನು ತಟ್ಟೆಗೆ ಸುರಿದಳು.
ಒಂದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಕೂತೆ.
ಏನೋ, ನುಂಗೋ ಅಂದಳು.
ಇರಮ್ಮ, ಇದರಲ್ಲಿ ಖಯೆಂಬ ಇದ್ದಾನೆ ಅಂದೆ.