ಸೊನ್ನಿಗೆ ಬರೂತನಕ

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿ.
ಅವತ್ತು ನನ್ನ ಅಂಗಡಿ ಮುಂದ ತಕ್ಕಡಿ ಸಾಲು,
ದವಾಖಾನಿ ಮುಂದ ಮಂದಿ ಕುಂತಂಗ.
ಒಂದಕ್ಕ ಎರಡು ಕಿಲೋ ಸುಳ್ಳು ಹೇಳೋ ರೋಗ,
ಒಂದಕ್ಕ ಹೊಟ್ಟಿ ತುಂಬ ಮೆಣಸಿನಕಾಯಿ ಧೂಳು,
ಒಂದಕ್ಕ ಏನೂ ಇಲ್ಲ, ಬರೇ ವಾಯರ್ ಬಿಚ್ಚಿರತೈತಿ.
ಸೀನಿ ಸೀನಿ ರಿಪೇರಿ. ಐವತ್ತು ರೂಪಾಯಿ.

ರಾತ್ರಿ ಕೆಲಸ ಬ್ಯಾರೆ. ಅದಕ್ಕ ರೂಪಾಯಿ ಇಲ್ಲ.
ಬೆರಳಷ್ಟು ಲೋಹದ ಪಟ್ಟಿ, ನಾಕು ವಾಯರು,
ಅದು ಬಾಗಿದ್ದನ್ನ ಅಂಕಿ ಮಾಡೋ ಚಿಪ್,
ಆ ಅಂಕೀನ ಗ್ರಾಂ ಮಾಡೋ ನಾಕನೂರು ಸಾಲಿನ ಕೋಡು.
ಕೋಡು ನಂದು. ಲಾಕ್‌ಡೌನಿನ್ಯಾಗ ಬರದದ್ದು,
ಮಾರ್ಕೆಟ್ ಮುಚ್ಚಿ, ಕೈ ಸುಮ್ಮನಿರಲಾರದ್ದಕ್ಕ.
ಯಾರ ಬೇಕಾದ್ರೂ ಒಯ್ರಿ ಅಂತ ಇಟ್ಟೆ,
ಅಗಸಿ ಮುಂದ ನೀರಿನ ಹರವಿ ಇಟ್ಟಂಗ.

ಒಯ್ದರು.
ಹಿಮದ ನಾಡಿನ್ಯಾಗ ಒಬ್ಬಾಂವ ಜೇನುಪೆಟ್ಟಿಗಿ ತೂಗಿದ.
ಗುಡ್ಡದ ಊರಾಗ ಒಬ್ಬಾಕಿ ನರ್ಸು
ತಿಂಗಳು ತುಂಬದs ಹುಟ್ಟಿದ ಕೂಸು ತೂಗಿದಳು.
ಒಬ್ಬಾಂವ ತನ್ನ ಬೆಕ್ಕು.
ಉಳದವರು ಬರದರು:
"ನಂದು ಮೈನಸ್ ತೋರಸತೈತಿ."
"ಹೊಸ ಬೋರ್ಡಿಗೆ ಯಾವಾಗ?"
"ಮೂರು ದಿನ ಆತು, ಸತ್ತೀಯೇನು?"

ಮೈನಸ್ಸಿಗೆ ಮದ್ದು ಒಂದಽ:
ಹಸರು ವಾಯರು, ಬಿಳಿ ವಾಯರು ಅದಲು ಬದಲು.
ಮುನ್ನೂರು ಸರ್ತಿ ಬರದೀನಿ.
ಮುನ್ನೂರಾ ಒಂದನೇದಕ್ಕ, ಯಾಕೋ, ಬೆರಳು ಏಳಲಿಲ್ಲ.

ಆಮ್ಯಾಲ ಫೋನು ಗುಂಯ್ ಅಂದ್ರ ಹೊಟ್ಟಿ ಹಿಂಡೂದು.
ರೊಟ್ಟಿ ಮುರದು ಹಂಗಽ ಹಿಡಕೊಂಡು ಕುಂದ್ರೂದು.
ನಡುರಾತ್ರಿ ಎದ್ದು ಪರದೇಶದವನ ತಕ್ಕಡಿ ಸರಿ ಮಾಡಿ
ಮುಂಜಾನೆ ಇಲ್ಲಿ ಗಿರಾಕಿಗೆ ಬೈದೆ.
"ಮೊನ್ನಿಂದ ಜಳಕಾ ಮಾಡಿಲ್ಲ ನೀ," ಅಂದ್ಲು ಶಮೀಮಬಾನು.
ಅಷ್ಟಽ ಅಂದ್ಲು.

ಹಾವೇರಿ ದೊಡ್ಡ ದವಾಖಾನಿ. ಮನಸಿನ ಡಾಕ್ಟರ ಕೋಲಿ ಮುಂದ
ಚೀಟಿ ಹಿಡದು ಕುಂತಾಗ ಗುರುತಿನ ದಲಾಲ ಒಬ್ಬ ಕಂಡ.
ಇಬ್ಬರೂ "ಬಿಪಿ" ಅಂದ್ವಿ.
ಡಾಕ್ಟರಮ್ಮ ಕೇಳಿದ್ಲು: ಈ ರಾತ್ರಿ ಕೆಲಸಕ್ಕ ಪಗಾರ?
ಇಲ್ಲ ಅಂದೆ.
ಸೂಟಿ?
ಅದೂ ಇಲ್ಲ ಅಂದೆ. ಬರಕೊಂಡ್ಲು. ಏನ ಬರಕೊಂಡ್ಲೋ.
ಅರ್ಧ ಗುಳಿಗಿ, ರಾತ್ರಿ ಉಂಡಮ್ಯಾಲ.

ಬರೂ ಹಾದ್ಯಾಗ, ಮೋಟೆಬೆನ್ನೂರ ಹತ್ರ, ಬಸ್ಸಿನ್ಯಾಗ ನೆನಪಾತು
ನಾ ಬಲ್ಲ ಮಾತು, ಹೊಸದೇನಲ್ಲ:
ಚೀಲ ರಾತ್ರಿಯೆಲ್ಲಾ ತಕ್ಕಡಿ ಮ್ಯಾಲ ಬಿಟ್ರ
ಇಳಿಸಿದ ಮ್ಯಾಲೂ ಅದು ಸೊನ್ನಿಗೆ ಬರೂದಿಲ್ಲ.
ನಲವತ್ತು ಗ್ರಾಂ ಅಂತೈತಿ, ಮ್ಯಾಲ ಏನೂ ಇಲ್ಲದಽ.
ಒಡದಿರೂದಿಲ್ಲ. ಸುಳ್ಳೂ ಹೇಳೂದಿಲ್ಲ.
ಗುಂಡಿ ಒತ್ತಿ ಸೊನ್ನಿ ಮಾಡಬಾರದು,
ಖಾಲಿ ಬಿಡಬೇಕು, ತಾನಽ ಬರೂತನಕ.
ಎಷ್ಟು ಹಮಾಲರಿಗೆ ಹೇಳೀನಿ ಇದನ್ನ, ಬೈದು.

ಕೋಡಿನ ಬಾಗಲಕ್ಕ ಒಂದು ಪಾಟಿ ತೂಗ ಹಾಕಿದೆ:
"ಇದು ನನ್ನ ಹವ್ಯಾಸ. ರವಿವಾರ ಎರಡು ತಾಸು ನೋಡತೇನಿ.
ಅವಸರ ಇದ್ದವರು ತಾವಽ ಬಿಚ್ಚಿ ನೋಡ್ರಿ, ಎಲ್ಲಾ ತೆರದಽ ಐತಿ.
ಬೈಗಳಕ್ಕ ಉತ್ತರ ಇಲ್ಲ."
ಬರಿಯೂಮುಂದ ಕೈ ನಡಗಿತು,
ಸಾಲಾ ಇಸಗೊಂಡಾಂವ ಬಾಗಲಾ ಹಾಕ್ಕೊಂಡಂಗ.
ಕೆಲವರು ಸಿಟ್ಟಾದ್ರು. ಒಬ್ಬ ನಂದಽ ಒಯ್ದು
ತನ್ನ ಹೆಸರಿಲೆ ಬ್ಯಾರೆ ಬೆಳಸಿದ. ಚಲೋನಽ ಬೆಳಸ್ಯಾನ.
ಎರಡು ದಿನ ಹೊಟ್ಟಿಕಿಚ್ಚು. ಮೂರನೇ ದಿನ ನಿದ್ದಿ.

ಒಂದು ಕೀಲಿ ಈಗ ರಾಣೆಬೆನ್ನೂರಿನ್ಯಾಗ,
ಪಾಲಿಟೆಕ್ನಿಕ್ ಕಲಿಯೋ ಪ್ರಿಯದರ್ಶಿನಿ ಕಮ್ಮಾರ ಹತ್ರ.
"ಅಣ್ಣಾ, ಮೈನಸ್ಸಿಂದು ಒಂದು ಬಂದೈತಿ!" ಅಂದ್ಲು ಮೊದಲ ದಿನ.
ಹಿಗ್ಗಿದ್ಲು. ಆ ಪ್ರಶ್ನೆಗೆ.
ನಾ ಸುಮ್ಮನಿದ್ದೆ.
ಆಕೀಗೂ ಒಂದು ವಾರ ಅಂತ ಗೊತ್ತು ಮಾಡಿಕೊಟ್ಟೆ, ಬುಧವಾರ,
ಉಳದ ದಿನ ಮುಟ್ಟಬ್ಯಾಡ ಅಂತ ಆಣಿ ಹಾಕಿಸಿದೆ.

ಇವತ್ತು ಮಂಗಳವಾರ.
ಫೋನು ಜ್ವಾಳದ ಡಬ್ಬ್ಯಾಗ ಐತಿ, ಶಮೀಮಬಾನು ಇಟ್ಟಾಳ.
ಕೈ ಎರಡು ಸರ್ತಿ ಕಿಸೆ ಮುಟ್ಟಿ ಬಂತು.
ಮೇಜಿನ ಮ್ಯಾಲ ಪರೀಕ್ಷಾದ ಸಣ್ಣ ತಕ್ಕಡಿ, ಖಾಲಿ,
ಕೆಂಪು ಅಂಕಿ: ಏಳು ಗ್ರಾಂ.
ಉಂಡು ಬಂದೆ. ನಾಕು.
ಸೀನಿದೆ. ಆರು.
ಮತ್ತ ನಾಕು.